ಆಯುಧಪೂಜೆಯಿಂದಾಚೆಯ ಕುರಿಗಳು

ಹೊಸದುರ್ಗದ ಒಂದು ಕೊಬ್ಬರಿ ಮಂಡಿಯ ಕಂಪ್ಯೂಟರಿಗೆ ಯಾರೋ ದೂರದಿಂದಲೇ ಬೀಗ ಹಾಕಿ, ತೆರೆಯಲು ದುಡ್ಡು ಕೇಳಿದರಂತೆ. ಸುದ್ದಿ ಬಂದ ದಿನವೇ ಹಿರಿಯೂರಿನ ನಮ್ಮ ಕುರಿ ಸಾಕುವವರ ಸಂಘದ ಕಾರ್ಯದರ್ಶಿ ನನ್ನನ್ನು ಕರೆದರು. ಅಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಅವರ ದನಿ ಅಣಕಿಸಿ ಗುಮಾಸ್ತೆ ಅಕ್ಕನನ್ನು ನಗಿಸುವುದೇ ನನ್ನ ನಿಜವಾದ ಉದ್ಯೋಗ.

"ಯಾವ ಮಂದೆಗೆ ಲಸಿಕೆ ಆಗೈತೆ, ಯಾವುದಕ್ಕಿಲ್ಲ, ಎಲ್ಲಾ ಅದರಾಗೈತೆ. ನಮಗೂ ಹಿಂಗಾದ್ರೆ ಏನ್ಲೇ ಮಾಡ್ತೀಯ?"

"ಕಾಪಿ ಐತೆ ಸರ್," ಎಂದೆ ಎದೆಯುಬ್ಬಿಸಿ.

"ಹಂಗಾದ್ರೆ ಸೋಮವಾರ ಕಂಪ್ಯೂಟರ್ ಸತ್ತೋತು ಅಂದ್ಕಳಾಣ. ಹಳೇ ಲ್ಯಾಪ್‌ಟಾಪಿನಾಗೆ ಕೆಲಸ ನಡೆಸಿ ತೋರ್ಸು."

ಸೋಮವಾರ ವೈರು ಕಿತ್ತು, ಕಾಪಿಯಿದ್ದ ಹಾರ್ಡ್‌ಡಿಸ್ಕ್ ಹುಡುಕಿದೆವು. ಅದು ಲಕ್ಷ್ಮೀ ಫೋಟೋದ ಕೆಳಗಿನ ಹಲಗೆಯ ಮೇಲೆ, ಒಣಗಿದ ಚೆಂಡುಹೂವಿನ ನಡುವೆ ಕುಳಿತಿತ್ತು. ಆಯುಧಪೂಜೆಯಲ್ಲಿ ಅಕ್ಕ ಸ್ಟೇಪ್ಲರನ್ನೂ ಬಿಡದೆ ಎಲ್ಲಕ್ಕೂ ಕುಂಕುಮ ಇಟ್ಟಿದ್ದರು. ದೇವರ ಪಕ್ಕ ಕುಂತದ್ದನ್ನು ಇಳಿಸಲು ಆಮೇಲೆ ಯಾರಿಗೂ ಕೈ ಬಂದಿರಲಿಲ್ಲ. ವೈರು ಸಿಕ್ಕಿಸುವ ತೂತಿನ ತುಂಬ ಕುಂಕುಮ. ಬ್ರಷ್ಷಿನಿಂದ ತಿಕ್ಕಿ ಲ್ಯಾಪ್‌ಟಾಪಿಗೆ ಹಾಕಿದಾಗ ಎಲ್ಲ ತೆರೆದುಕೊಂಡಿತು, ಆಯುಧಪೂಜೆಯವರೆಗಿನ ಲೆಕ್ಕ ಮಾತ್ರ.

ಅಷ್ಟರಲ್ಲಿ ಕುರಿ ಕಾಯುವ ಅಜ್ಜನೊಬ್ಬ ಬಂದ. "ಪಕ್ಕದ ಮಂದೆಗೆ ರೋಗ ಬಂದೈತೆ. ದೀಪಾವಳಿ ಆದ್ಮೇಲೆ ನಮ್ಮವು ಅಳಿಯನ ಹತ್ರ ಇದ್ವು. ಸೂಜಿ ಹಾಕ್ಸ್ಯಾನೋ ಇಲ್ವೋ ನೋಡ್ರಪ್ಪ."

ಕಾರ್ಯದರ್ಶಿಯ ಕೈ ಕಿತ್ತಿಟ್ಟ ವೈರಿನ ಕಡೆಗೆ ಹೋಯಿತು.

"ಸತ್ತೈತೆ ಸರ್!" ಎಂದೆ, ಅವರದೇ ಗೊಗ್ಗರು ದನಿಯಲ್ಲಿ. ಅಕ್ಕ ಈ ಸಲ ನಗಲಿಲ್ಲ.

"ಹೌದ್ಲೇ, ಸತ್ತೈತೆ," ಎಂದು ಅವರು ಕೈ ಹಿಂದೆ ಕಟ್ಟಿಕೊಂಡರು.

ಲಸಿಕೆ ಹಾಕುವವರಿಗೆ ಫೋನ್ ಹಚ್ಚುತ್ತಲೇ ಇದ್ದೆವು. ಅಜ್ಜ ಊಟಕ್ಕೂ ಏಳದೆ ಮೆಟ್ಟಿಲ ಮೇಲೆ ಕುಳಿತಿದ್ದ. ಸಂಜೆಗೆ "ಆಗೈತೆ" ಎಂಬ ಉತ್ತರ ಸಿಕ್ಕಿತು. ರೋಗ ಅಷ್ಟು ಹೊತ್ತು ಕಾಯುತ್ತದೆಯೇ?

ಆ ವಾರವೇ ಡಿಸ್ಕ್ ಎರಡಾದವು. ಒಂದು ಆಫೀಸಿನ ಬೀರುವಿನಲ್ಲಿ, ಇನ್ನೊಂದು ಗುಮಾಸ್ತೆ ಅಕ್ಕ ದಿನಾ ಓಡಾಡುವ ಚಿತ್ರದುರ್ಗದ ಮನೆಯಲ್ಲಿ. ಶನಿವಾರಕ್ಕೊಮ್ಮೆ ಕಾಪಿ. ಮುಗಿದ ತಕ್ಷಣ ವೈರು ಕೀಳಬೇಕು. ಇಲ್ಲದಿದ್ದರೆ ಬೀಗ ಹಾಕುವವನು ಅದಕ್ಕೂ ಹಾಕಿಯಾನು. ಇನ್ನು ಪೂಜೆ ಡಿಸ್ಕ್ ಬಂದ ಖಾಲಿ ಡಬ್ಬಿಗೆ ಮಾತ್ರ ಎಂದು ಅಕ್ಕನೇ ತೀರ್ಪು ಕೊಟ್ಟರು.

ಮುಂದಿನ ತಿಂಗಳು ಕಾರ್ಯದರ್ಶಿ ಹೇಳದೆ ಕೇಳದೆ ಬಂದು ಕಂಪ್ಯೂಟರಿನ ವೈರು ಕಿತ್ತರು. ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುತ್ತಿದ್ದಂತೆ ಫೋನ್ ಬಂತು. ಭರಮಸಾಗರದ ಕಡೆ ಮಂದೆ ಬಿಟ್ಟಿದ್ದ ಹೆಂಗಸು.

"ನಮ್ಮವಕ್ಕೆ ಸೂಜಿ ಆಗೈತೇನಪ್ಪ?"

"ಆಗಿಲ್ಲಮ್ಮ. ನಾಳೆ ಅಲ್ಲೇ ಇರ್ರಿ, ಕಳಿಸ್ತೀವಿ."

"ಇಷ್ಟ್ ಬೇಗ ಹೇಳ್ದೆ, ನೋಡಿದ್ಯೋ ಬರೇ ಬಾಯಿಗೆ ಬಂದದ್ದೋ? ಇನ್ನೊಂದ್ ಸಲ ನೋಡು."

ನೋಡಿದೆ.