ಲೈಟ್‌ಹೌಸಿನ ಖಣ

ದೀಪಾವಳಿಯ ಉಡುಗೊರೆಯೆಂದು ಮೊದಲ ವರ್ಷ ನಮಗೆ ಬಂದದ್ದು ಒಂದು ಕಂಬಳಿ, ಎರಡು ಪೊಟ್ಟಣ ಮೊಂಬತ್ತಿ ಮತ್ತು ಒಂದು ಟಾರ್ಚು. ನನ್ನ ಗಂಡ ಮುಂಬೈ ಕಡಲಿನ ಒಂದು ಪುಟ್ಟ ನಡುಗಡ್ಡೆಯ ಲೈಟ್‌ಹೌಸಿನಲ್ಲಿ ನೌಕರರಾಗಿದ್ದರು. ದೂರದ ಹಡಗುಗಳಿಗೆ ದಾರಿ ತೋರಿಸುವವರ ಕೈಗೆ ಟಾರ್ಚು ಕೊಟ್ಟು ಫೋಟೋ ತೆಗೆದುಕೊಂಡು ಹೋದರು ಪುಣ್ಯಾತ್ಮರು. ಬೋಟು ಮರೆಯಾದ ಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ನಾನು ಒಳಗೆ ಹೋಗಿ ಅತ್ತೆ.

ನಾನು ಧಾರವಾಡದ ಕಡೆಯವಳು. ಸಮುದ್ರ ಕಂಡದ್ದೇ ಮದುವೆಯಾದ ಮೇಲೆ. ನಡುಗಡ್ಡೆಯಲ್ಲಿ ಇದ್ದದ್ದು ದೀಪದ ಗೋಪುರ, ನೀರಿನ ಟಾಕಿ, ಎರಡು ಕ್ವಾರ್ಟರ್ಸು. ಪಕ್ಕದ ಕ್ವಾರ್ಟರ್ಸಿನವರು ಸಂಸಾರವನ್ನು ಊರಿನಲ್ಲೇ ಬಿಟ್ಟು ಬಂದವರು, ಹೀಗಾಗಿ ಇಡೀ ನಡುಗಡ್ಡೆಗೆ ಹೆಂಗಸೆಂದರೆ ನಾನೊಬ್ಬಳೇ. ವಾರಕ್ಕೊಮ್ಮೆ ರೇಷನ್ನಿನ ಬೋಟು ಬರುತ್ತಿತ್ತು, ಮಳೆಗಾಲದಲ್ಲಿ ಅದೂ ಇಲ್ಲ. ಸಂಜೆಯಾದರೆ ನೀರಿನಾಚೆ ಮುಂಬೈಯ ಬಿಲ್ಡಿಂಗುಗಳಲ್ಲಿ ಸಾಲು ಸಾಲು ದೀಪ ಹತ್ತುತ್ತಿದ್ದವು. ಅಷ್ಟು ಮನೆಗಳು ಕಣ್ಣಿಗೆ ಕಾಣುತ್ತಿದ್ದರೂ ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಕದ ತಟ್ಟಲು ಒಂದು ಮನೆಯೂ ಇರಲಿಲ್ಲ.

ಅಲ್ಲಿಗೆ ಹೊರಟಾಗ ಅವ್ವ ಟ್ರಂಕಿನಿಂದ ಒಂದು ಗುಳೇದಗುಡ್ಡದ ಖಣ ತೆಗೆದುಕೊಟ್ಟಿದ್ದಳು. ದಟ್ಟ ಕೆಂಪು, ಹಸಿರು ಅಂಚು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು, ರವಿಕೆಯ ಖಣ ಹಾಕಿ ಉಡಿ ತುಂಬುತ್ತೇವೆ. "ನಿನ್ನ ಮನಿಗೆ ಮೊದಲ ಬಂದಾಕಿಗೆ ಇದರ್ಲೆ ಉಡಿ ತುಂಬು. ಯಾರನ್ನೂ ಬರೇ ಉಡಿಲೆ ಕಳಸಬ್ಯಾಡ" ಎಂದಿದ್ದಳು. ಆ ಮೊದಲು ಬಂದಾಕೆಗಾಗಿ ನಾನು ಐದು ವರ್ಷ ಕಾದೆ.

ಬರುವವರು ಇರಲಿಲ್ಲವೆಂದಲ್ಲ. ಚೆಂಬೂರಿನ ನಮ್ಮ ಕನ್ನಡದವರ ಮಹಿಳಾ ಮಂಡಳಿಯೊಂದು ಪ್ರತಿ ದೀಪಾವಳಿಗೆ ಬೋಟು ಮಾಡಿಕೊಂಡು ನಮಗೆ ಉಡುಗೊರೆ ತರುತ್ತಿತ್ತು. ಏಳೆಂಟು ಹೆಂಗಸರು, ಒಳ್ಳೊಳ್ಳೆಯ ಸೀರೆ, ಕೈತುಂಬ ಚೀಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನೂ ಹಿಂದಿನ ದಿನವೇ ಮನೆ ಸಾರಿಸಿ ಕರ್ಚಿಕಾಯಿ ಕರಿದಿಡುತ್ತಿದ್ದೆ. ಇವರೋ, ಅಷ್ಟು ನೀರು ದಾಟಿ ಬಂದವರು ಮನೆಗೆ ಮಾತ್ರ ಬರಲಿಲ್ಲ. ಬೋಟು ನಿಲ್ಲುವ ಕಟ್ಟೆಯಿಂದ ಕ್ವಾರ್ಟರ್ಸಿಗೆ ನೂರಕ್ಕೂ ಹೆಚ್ಚು ಮೆಟ್ಟಿಲು. ನೀರು ಇಳಿದರೆ ಬೋಟು ಕಲ್ಲಿಗೆ ಕೂರುತ್ತದೆ ಎಂದು ಬೋಟಿನವನು ಬಂದ ಗಳಿಗೆಯಿಂದಲೇ ಕೂಗುತ್ತಿದ್ದ. ಕಟ್ಟೆಯ ಮೇಲೆಯೇ ಚೀಲ, ಫೋಟೋ, ಟಾಟಾ.

ಮೂರನೆಯ ವರ್ಷ ನಾನೇ ಮೊರದಲ್ಲಿ ಎಲ್ಲ ಜೋಡಿಸಿಕೊಂಡು ಕೆಳಗಿಳಿದೆ. ಗಾಳಿಗೆ ಅಕ್ಕಿ ಹಾರದಂತೆ ಖಣವನ್ನೇ ಮೇಲೆ ಮುಚ್ಚಿದ್ದೆ. "ಸೆರಗ ಒಡ್ರಿ, ಉಡಿ ತುಂಬತೇನಿ" ಎಂದೆ, ಅಧ್ಯಕ್ಷೆಯ ಮುಂದೆ ನಿಂತು. ಅವರು ಉಡುಪಿ ಕಡೆಯವರು, ಪ್ರೀತಿಯ ಹೆಂಗಸು. ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಬೇಡ ಮಾರಾಯ್ತಿ, ನಾವು ಕೊಡ್ಲಿಕ್ಕೆ ಬಂದದ್ದು, ತಗೊಳ್ಳಿಕ್ಕೆ ಅಲ್ಲ. ನೀವೇ ಪಾಪ ಇಲ್ಲಿ ಕಷ್ಟದಲ್ಲಿ ಇದ್ದೀರಿ."

ಆ 'ಪಾಪ' ನನಗೆ ಮೆಣಸಿನಕಾಯಿ ಮುರಿದು ಕಣ್ಣಿಗೆ ಹಚ್ಚಿದ ಹಾಗಾಯಿತು. ಕಷ್ಟ ಯಾರಿಗಿತ್ತು? ಅಕ್ಕಿ ಇತ್ತು, ಕಾಯಿ ಇತ್ತು, ಗಂಡ ಚಿನ್ನದಂಥವರು. ನನ್ನ ಕೈಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಳ್ಳುವವರು ಇರಲಿಲ್ಲ, ಅಷ್ಟೇ. ಮೊರ ಹೊತ್ತು ಅಷ್ಟೂ ಮೆಟ್ಟಿಲು ಹತ್ತಿದೆ. ಮುಂದಿನ ಎರಡು ವರ್ಷ ಬೋಟು ಬಂದಾಗ ತಲೆನೋವೆಂದು ಮಲಗಿಬಿಟ್ಟೆ.

ಆಮೇಲೆ ಗಂಡನಿಗೆ ದಡಕ್ಕೆ ವರ್ಗವಾಯಿತು, ನಿವೃತ್ತಿಯಾಯಿತು. ನಾವು ಚೆಂಬೂರಿನಲ್ಲೇ ಮನೆ ಮಾಡಿದೆವು. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ, ಅದೇ ಅಧ್ಯಕ್ಷೆ ಕಳೆದ ದೀಪಾವಳಿಗೆ ನನ್ನನ್ನು ಬೋಟಿಗೆ ಕರೆದರು. ಈಗ ಅಲ್ಲಿ ದೀಪ ತಾನೇ ಹತ್ತಿ ತಾನೇ ಆರುತ್ತದೆ, ಸಂಸಾರ ಇಡುವವರು ಅಪರೂಪ. ಆದರೆ ಆ ವರ್ಷ ಹೊಸ ನೌಕರನ ಹೆಂಡತಿ, ರತ್ನಾಗಿರಿ ಕಡೆಯ ಹುಡುಗಿ, ಬಂದಿದ್ದಾಳೆ ಎಂದರು. ಅವಳಿಗೆ ಕೊಡೋಣವೆಂದು ನಾನು ಖಣವನ್ನು ಚೀಲದಲ್ಲಿ ಹಾಕಿಕೊಂಡೆ.

ಕಟ್ಟೆಯ ಮೇಲೆ ಅವಳ ಗಂಡನೊಬ್ಬನೇ ನಿಂತಿದ್ದ. ಬೋಟಿನವನು ಕೂಗಲು ಶುರುಮಾಡಿದ್ದ. ಅಧ್ಯಕ್ಷೆ ಸೆರಗು ಹಿಡಿದು ತಡೆದರೂ ನಾನು ಮೆಟ್ಟಿಲು ಹತ್ತಿದೆ. ಮೊಣಕಾಲು ಎರಡು ಕಡೆ ಕುಳಿತುಕೋ ಎಂದಿತು, ಕುಳಿತು ಎದ್ದು ಹತ್ತಿದೆ.

ನನ್ನದೇ ಕ್ವಾರ್ಟರ್ಸು, ಬಣ್ಣ ಮಾತ್ರ ಬೇರೆ. ಹುಡುಗಿ ಗಾಬರಿಯಾಗಿ ಚಹಾಕ್ಕಿಟ್ಟಳು. ಚಹಾ ಕುಡಿಯುವಷ್ಟರಲ್ಲಿ ತಟ್ಟೆಯಲ್ಲಿ ಅಕ್ಕಿ, ಕಾಯಿ, ಅರಿಸಿನ ಕೊಂಬು ತಂದಳು. ಅವರಲ್ಲೂ ಇದೇ ಪದ್ಧತಿ. ನನಗೆ ಉಡಿ ತುಂಬುವ ಹಾಗಿಲ್ಲ, ಗಂಡ ಇಲ್ಲ ಎಂದು ಹರಕು ಮರಾಠಿಯಲ್ಲಿ ಹೇಳಿದೆ. ತಟ್ಟೆ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಆ ನಿಂತ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಮರಾಠಿಯಲ್ಲಿ ಇಷ್ಟೇ ಹೇಳಿದಳು: "ಮಾವಶಿ, ಈ ಮನೆಗೆ ಬಂದವರು ನೀವೊಬ್ಬರೇ."

ನಾನು ಸೆರಗೊಡ್ಡಿದೆ.

ತಟ್ಟೆಯಲ್ಲಿ ರವಿಕೆಯ ಬಟ್ಟೆ ಇಲ್ಲವೆಂದು ಅವಳು ನಾಚಿಕೊಂಡಳು. ಆಗ ಚೀಲದಿಂದ ಖಣ ತೆಗೆದು ಅವಳ ಕೈಗಿಟ್ಟೆ. ತಟ್ಟೆ ತುಂಬಿಸಲೆಂದೇ ಕೊಟ್ಟೆನೆಂದು ತಿಳಿದಳೋ ಏನೋ, ಅಂಚನ್ನೊಮ್ಮೆ ಸವರಿ, ಅಕ್ಕಿಯ ಮೇಲಿಟ್ಟು, ಎಲ್ಲವನ್ನೂ ನನ್ನ ಸೆರಗಿಗೆ ಸುರಿದಳು. ಅದು ನಿನಗೆ ತಂದದ್ದು ಎನ್ನಲು ಬಾಯಿ ಬರಲಿಲ್ಲ. ಕೆಳಗೆ ಬೋಟಿನವನು ಬೈಯುತ್ತಿದ್ದ.

ಬೋಟಿನಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ತಡ ಮಾಡಿದ್ದಕ್ಕೋ, ಸೆರಗಿನಲ್ಲಿದ್ದದ್ದನ್ನು ಕಂಡೋ ತಿಳಿಯದು. ನಾನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಅವ್ವ ಹೇಳಿದ್ದ ಆ ಮೊದಲು ಬಂದಾಕೆ, ಇಷ್ಟು ವರ್ಷವಾದ ಮೇಲೆ, ನಾನೇ ಆಗಿದ್ದೆ.