ಲೈಸೆನ್ಸ್ ಇಲ್ಲದ ದಡಿ

ನಮ್ಮ ಗಜೇಂದ್ರಗಡದ ಕಡೆ ಜನ ಹೆಸರಿಗೆ ಸಾಯುತ್ತಾರೆ. ಗುಡಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಎಷ್ಟು ದಪ್ಪಗೆ ಬರೆಸಿರುತ್ತಾರೆಂದರೆ, ಬೆಳಕು ಸಂದಿ ಹುಡುಕಿಕೊಂಡು ಹೊರಗೆ ಬರಬೇಕು. ಮದುವೆಯಲ್ಲಿ ಆಯೇರಿ ಮಾಡಿದರೆ, ಅಂದರೆ ಸೀರೆಯೋ ಪಾತ್ರೆಯೋ ಕೊಟ್ಟರೆ, ಮೈಕಿನಲ್ಲಿ ಹೆಸರು ಕೂಗಲೇಬೇಕು. ಕೂಗುವವನು ಒಬ್ಬ ಸೋದರಮಾವನನ್ನು ಮರೆತನೋ, ಆ ಮನೆಯವರೆಲ್ಲ ಊಟ ಬಿಟ್ಟು ಏಳುತ್ತಾರೆ. ಇಂಥ ಊರಿನ ಸೀರೆ ವ್ಯಾಪಾರದ ಸಾಹುಕಾರರೊಬ್ಬರಿಗೆ ನಾನು ಆ್ಯಪ್ ಮಾಡಿಕೊಟ್ಟೆ.

ಕೈಮಗ್ಗದ ಸೀರೆಗೆ ದಡಿ (ಅಂಚು), ಸೆರಗು ಹೇಗಿರಬೇಕೆಂದು ಫೋನಿನಲ್ಲೇ ಬಿಡಿಸಿ ನೋಡುವ ಆ್ಯಪ್ ಅದು. ಎಲ್ಲವನ್ನೂ ನಾನೇ ಬರೆದದ್ದಲ್ಲ. ಚಿತ್ರ ಬಿಡಿಸಲು, ಬಣ್ಣ ಕೂಡಿಸಲು ನಾವು ಲೈಬ್ರರಿ ಎನ್ನುವ ಸಿದ್ಧ ಕೋಡು, ಅಕ್ಷರದ ಫಾಂಟ್ ಎಲ್ಲ ಓಪನ್ ಸೋರ್ಸ್. ಯಾವ್ಯಾವುದೋ ದೇಶದವರು ಮಾಡಿ ಪುಕ್ಕಟೆ ಬಿಟ್ಟದ್ದು. ಅವರ ಕರಾರು ಇಷ್ಟೇ: ಬಳಸಿಕೊಳ್ಳಿ, ನಮ್ಮ ಹೆಸರನ್ನೂ ಲೈಸೆನ್ಸನ್ನೂ ಅಳಿಸಬೇಡಿ. ಅದಕ್ಕೊಂದು ಪುಟ ಮಾಡಿ ಎಲ್ಲರನ್ನೂ ಸೇರಿಸಿದೆ. ಕೊನೆಗೆ ನನ್ನ ಅವ್ವನ ಹೆಸರನ್ನೂ ಸೇರಿಸಿದೆ. ಆ್ಯಪ್ ತೆರೆದ ಕೂಡಲೇ ಕಾಣುವ ದಡಿ ಅವಳ ಕಲ್ಪನೆಯದು. ಮಗ್ಗದ ಮುಂದೆ ಜೀವ ಸವೆಸಿದವಳ ಹೆಸರು ಇದುವರೆಗೆ ಒಂದು ಸೀರೆಯ ಮೇಲೂ ಬಂದಿಲ್ಲ. ಸೀರೆಯ ಮಡಿಕೆಯಲ್ಲಿ ಇರುವುದು ಅವಳು ನೇಯ್ದುಕೊಡುವ ಈ ಸಾಹುಕಾರರ ಅಂಗಡಿಯ ಚೀಟಿ. ಒಮ್ಮೆಯಾದರೂ ಬರಲಿ ಎಂದು ಅವಳಿಗೆ ಆಸೆಯಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದಳು.

ಪುಟ ನೋಡಿ ಸಾಹುಕಾರರ ಮುಖ ಹುಳ್ಳಗಾಯಿತು. ಬಂಧುಗಳಲ್ಲ, ಬಳಗವಲ್ಲ, ಇವರನ್ನೆಲ್ಲ ಯಾಕೆ ಹೊರಬೇಕೆಂದು ಕೇಳಿದರು. ಲೈಸೆನ್ಸ್ ಅಂದರೆ ಅವರಿಗೆ ಗೊತ್ತಿದ್ದದ್ದು, ಕಚೇರಿಗೆ ಅಲೆದು ತಂದು ಅಂಗಡಿಯ ಗೋಡೆಗೆ ತೂಗುಹಾಕುವ ಕಾಗದ. ಮಂದಿಯ ಲೈಸೆನ್ಸ್ ತಮ್ಮ ಗೋಡೆಗೆ ಯಾಕೆ ಎಂದರು. ಹೇಳಿ ಹೇಳಿ ಸಾಕಾಗಿ, ಇದು ಆಯೇರಿ ಇದ್ದ ಹಾಗೆ, ಹೆಸರು ಕೂಗದಿದ್ದರೆ ಇಟ್ಟುಕೊಳ್ಳುವ ಹಕ್ಕಿಲ್ಲ ಎಂದೆ. ತಟ್ಟನೆ ತಲೆಗೆ ಹತ್ತಿತು. ಎಷ್ಟು ಹತ್ತಿತೆಂದರೆ, ಪಕ್ಕದ ನರೇಗಲ್ಲಿನಲ್ಲಿ ಇಟ್ಟುಕೊಂಡ ಆ್ಯಪಿನ ಉದ್ಘಾಟನೆಗೆ ಮದುವೆಗಳಲ್ಲಿ ಆಯೇರಿ ಕೂಗುವವನನ್ನೇ ಕರೆಸಿದರು.

ಆತ ಆ ಪುಟವನ್ನು ಆಯೇರಿಯ ರಾಗದಲ್ಲೇ ಓದಿದ. ಜರ್ಮನಿಯ ಬೀಗರಿಂದ ಒಂದು ಲೈಬ್ರರಿ, ಅಮೆರಿಕದ ಬೀಗರಿಂದ ಒಂದು ಫಾಂಟು. ಪ್ರತಿ ಹೆಸರಿಗೂ ಚಪ್ಪಾಳೆ. ನನ್ನ ಪಕ್ಕದ ಅಜ್ಜನೊಬ್ಬ, ಜರ್ಮನಿಯವರು ಲೈಬ್ರರಿ ಕಟ್ಟಿಸಿಕೊಟ್ಟರು, ನಮ್ಮವರು ಒಂದು ಕಪಾಟೂ ಕೊಡಲಿಲ್ಲ ಎಂದು ಬೇಜಾರು ಮಾಡಿಕೊಂಡ. ಅವ್ವ ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಕೂಗುವವನು ಓದಿ ಮುಗಿಸಿ ಮೈಕು ಕೆಳಗಿಟ್ಟ. ಅವ್ವನ ಹೆಸರು ಬರಲೇ ಇಲ್ಲ.

ಓದುವ ಹಾಳೆಯಿಂದ ಆ ಸಾಲನ್ನು ಸಾಹುಕಾರರೇ ತೆಗೆಸಿದ್ದರು. ಯಾಕೆ ಎಂದು ಅಲ್ಲೇ ಕೇಳಿದೆ. ಅವರು ನಕ್ಕರು.

“ಅವರಿಗೆಲ್ಲಾ ಲೈಸೆನ್ಸ್ ಐತಿ ತಂಗಿ, ನಿಮ್ಮ ಅವ್ವಗ ಎಲ್ಲೈತಿ? ಮನಿ ಮಂದಿ ಹೆಸರು ಯಾರರ ಕೂಗ್ತಾರೇನು?”

ಆ್ಯಪಿನಿಂದಲೂ ಆ ಸಾಲು ತೆಗೆದುಬಿಡು ಎಂದು ಅಪ್ಪಣೆ ಬೇರೆ. ಮುಖ ಕಾಣದ ಪರದೇಶದವರಿಗೆ ಶಾಲು ಹೊದಿಸುವುದೊಂದೇ ಬಾಕಿ ಇತ್ತು, ದಿನಬೆಳಗಾದರೆ ಎದುರಿಗೆ ಕಾಣುವ ಹೆಂಗಸು ಮಾತ್ರ ಮನೆಯವಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಲೈಸೆನ್ಸಿನ ವಿಷಯವನ್ನು ಸಾಹುಕಾರರು ಉಲ್ಟಾ ತಿಳಿದಿದ್ದರು. ಲೈಸೆನ್ಸ್ ಇಲ್ಲದ್ದು ಅಂದರೆ ಕಂಡವರು ಎತ್ತಿಕೊಂಡು ಹೋಗಬಹುದಾದದ್ದಲ್ಲ. ಮಾಡಿದವರು ಒಪ್ಪದೆ ಯಾರೂ ಮುಟ್ಟುವಂತಿಲ್ಲ ಎಂದರ್ಥ. ಮನೆಗೆ ಬಂದು ಅವ್ವನಿಗೆ ಇದನ್ನು ಬಿಡಿಸಿ ಹೇಳಿದೆ. ಹೆಸರು ಹಾಕುತ್ತಾರೆಂದೇ ತಾನು ಹೂಂ ಅಂದದ್ದು, ಈಗ ದಡಿಯನ್ನೇ ತೆಗೆ ಎಂದಳು. ಸಂತೋಷದಿಂದ ತೆಗೆದೆ.

ಮರುದಿನ ಆ್ಯಪ್ ತೆರೆದವರಿಗೆಲ್ಲ ಬೋಳು ಸೀರೆ. ಸಾಹುಕಾರರು ನನ್ನನ್ನು ಬಿಟ್ಟು ಸೀದಾ ಅವ್ವನಿಗೇ ಫೋನ್ ಮಾಡಿದರು. ಅವಳು ಮಗ್ಗದಲ್ಲಿ ಕೂತಿದ್ದಳು, ನಾನು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದೆ.

“ಅಕ್ಕಾರ, ದಡಿ ಎಲ್ಲಿ ಹೋತ್ರಿ?”

ಅವ್ವ ಲಾಳಿ ನಿಲ್ಲಿಸಲಿಲ್ಲ.

“ಮನಿ ಮಂದಿದು ನೋಡ್ರಿ,” ಎಂದಳು, “ಮನಿಗೆ ಬಂತು.”