ಸುಗರಾಬಿಯ ಕಬ್ಬಿಣದ ಗುಳಿಗೆ

ಟಿಕೋಟಾದ ದವಾಖಾನೆಯಲ್ಲಿ ಹೆರಿಗೆ ನೋಡುತ್ತಿದ್ದ ಸುಗರಾಬಿಗೆ ಊರಿನ ದೊಡ್ಡ ಮನೆಗಳೆಂದರೆ ಮೂಗು ಮುರಿಯುವಷ್ಟು ಅಸಡ್ಡೆ. ಅದು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅವಳ ಅಪ್ಪ ಲಾಡಲೇಸಾಬ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುತ್ತಿದ್ದ. ಚಿಕ್ಕವಳಿದ್ದಾಗ ಅವಳು ಮೊಳೆಯ ಡಬ್ಬಿ ಹಿಡಿದು ಅಪ್ಪನ ಪಕ್ಕ ಕೂತಿರುತ್ತಿದ್ದಳು. ಎತ್ತು ಒಂದಿಷ್ಟು ಕುಂಟಿದರೆ ಸಾಕು, ಪಟಗಾ ಸುತ್ತಿದ ದೊಡ್ಡ ಮನುಷ್ಯರು ಮುಂಜಾನೆಯ ನ್ಯಾರಿ ಬಿಟ್ಟು ಓಡೋಡಿ ಬರುತ್ತಿದ್ದರು. ಮುಂದೆ ಅವಳ ಮದುವೆಯಾಯಿತು, ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ವಿಜಾಪುರದಲ್ಲಿ ಹೆರಿಗೆಯ ತರಬೇತಿ ಮುಗಿಸಿ 1958ರಲ್ಲಿ ತನ್ನ ಊರಿಗೇ ಕೆಲಸಕ್ಕೆ ಬಂದಳು. ಆಗ ಅದೇ ದೊಡ್ಡ ಮನುಷ್ಯರ ಸೊಸೆಯಂದಿರು ನಿಲ್ಲಲಾರದೆ ಗೋಡೆ ಹಿಡಿದು ನಡೆಯುವುದನ್ನು ನೋಡಿದಳು. ಅವರ ಸಲುವಾಗಿ ಯಾರೂ ನ್ಯಾರಿ ಬಿಟ್ಟು ಬರಲಿಲ್ಲ.

ರುಕ್ಮವ್ವನ ಮನೆಗೆ ಅವಳು ಹೋದದ್ದು 1963ರ ಶ್ರಾವಣದಲ್ಲಿ. ರುಕ್ಮವ್ವ ಗಂಡ ಸತ್ತ ಮೇಲೆ ನಲವತ್ತು ಎಕರೆ ಹೊಲ, ಆರು ಎತ್ತು, ಒಬ್ಬ ಮಗ, ಇಷ್ಟನ್ನೂ ಒಂಟಿಯಾಗಿ ಸಂಭಾಳಿಸಿದ ಹೆಂಗಸು. ಎತ್ತುಗಳು ದುಡಿಯುತ್ತಿದ್ದವು. ಮಗ ಧೂಳಪ್ಪ ಮಾತ್ರ ಪೈಲ್ವಾನ. ಗರಡಿಗೆ ಹೋಗಿ ಮೈಗೆ ಕೆಮ್ಮಣ್ಣು ಬಳಿದುಕೊಳ್ಳುವುದು, ಬಂದು ಉಣ್ಣುವುದು, ಉಂಡು ಮಲಗುವುದು, ಇದೇ ಅವನ ಉದ್ಯೋಗ. ಅವನ ಹೆಂಡತಿ ಮಾಳವ್ವ ಆಗ ಆರು ತಿಂಗಳ ಬಸುರಿ. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ ಮೂರು ದಿನ ಕಣ್ಣು ತೆರೆದಿರಲಿಲ್ಲ. ಕೂಸೂ ಉಳಿದಿರಲಿಲ್ಲ.

ಸುಗರಾಬಿ ಪಡಸಾಲೆಯಲ್ಲಿ ಅವಳನ್ನು ಕೂಡಿಸಿಕೊಂಡು ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದಳು. ಒಳಗೆ ಸುಣ್ಣ ಬಳಿದಂತೆ ಬಿಳುಪು. ಉಗುರುಗಳೂ ಹಾಗೆಯೇ. ನಾಲ್ಕು ಮಾತಾಡುವಷ್ಟರಲ್ಲಿ ಹುಡುಗಿಗೆ ಏದುಸಿರು. ಬೆರಳಿನ ತುದಿಗೆ ಮಣ್ಣು ಹತ್ತಿತ್ತು. ಜೋಳದ ಹಗೇವಿನ ಪಕ್ಕದ ಗೋಡೆಯಲ್ಲಿ ಉಗುರಿನಿಂದ ಕೆರೆದು ಕೆರೆದು ಬಟ್ಟಲಿನಂಥ ತಗ್ಗು ಬಿದ್ದಿತ್ತು.

“ಮಣ್ಣ ತಿಂತಾಳ ನೋಡ್ರಿ ಬಾಯಾರ,” ಎಂದಳು ರುಕ್ಮವ್ವ. “ಗಂಗಾಳ ತುಂಬ ಉಣ್ಣಾಕ ಹಾಕಿದ್ರೂ ಗ್ವಾಡಿ ನೆಕ್ಕತಾಳ. ಹಾಳ ಚಟ.”

“ಚಟ ಅಲ್ರಿ. ಮೈಯಾಗ ರಕ್ತಿಲ್ಲ, ಅದಕ್ಕ ಹಂಗಾಗತೈತಿ. ಇಷ್ಟ ರಕ್ತ ಇಟಗೊಂಡು ಹಡದ್ರ ಈಕಿ ಈ ಸಲ ಏಳೂದಿಲ್ಲ.”

ಪಡಸಾಲೆ ದಾಟಿ ಒಳಗೆ ಹೋಗಲು ಸುಗರಾಬಿಗೆ ಆ ಮನೆಯಲ್ಲಿ ಅನುಮತಿಯಿರಲಿಲ್ಲ. ಅವಳ ಕೈಯ ನೀರೂ ಅಲ್ಲಿ ನಡೆಯುತ್ತಿರಲಿಲ್ಲ. ಅರವತ್ತು ಕಬ್ಬಿಣದ ಗುಳಿಗೆಗಳನ್ನು ರುಕ್ಮವ್ವನ ಉಡಿಗೆ ಮೇಲಿಂದ ಹಾಕಿ, “ರಕ್ತ ಆಗೂ ಗುಳಿಗಿ. ಮುಂಜಾನೆ ಒಂದು, ಸಂಜಿಕ ಒಂದು,” ಎಂದಳು. ಹೊರಡುವಾಗ ಮಾಳವ್ವನ ಕಿವಿಯಲ್ಲಿ ಮಾತ್ರ, “ಗುಳಿಗಿ ನುಂಗಿದ್ರ ಹೊರಕಡಿ ಕರ್ರಗ ಆಗತೈತಿ, ಅಂಜಬ್ಯಾಡ,” ಎಂದಳು. ಅತ್ತೆಯ ಮುಂದೆ ಮಲದ ಮಾತು ಆಡುವಂತಿರಲಿಲ್ಲ.

ತಿಂಗಳು ಕಳೆಯಿತು. ಮಾಳವ್ವನ ಕಣ್ಣಿನ ಸುಣ್ಣ ಇದ್ದಂತೆಯೇ ಇತ್ತು. “ಕರ್ರಗ ಆಗತೈತೇನ?” ಎಂದು ಕೇಳಿದರೆ ಹುಡುಗಿ ನೆಲ ನೋಡುತ್ತ “ಇಲ್ರಿ” ಎಂದಳು. ನಾಚಿಕೊಂಡು ಹಾಗೆನ್ನುತ್ತಾಳೆಂದು ಸುಗರಾಬಿ ತಿಳಿದಳು.

ಮರುದಿನವೇ ಧೂಳಪ್ಪ ದವಾಖಾನೆಗೆ ಬಂದ. ಬಾಗಿಲಲ್ಲಿ ಕೂತಿದ್ದ ಹೆಂಗಸರನ್ನು ಕಣ್ಣಿನಿಂದಲೇ ಆಚೆ ಸರಿಸಿ, ಬಾಗಿಲು ಅರ್ಧ ಮುಚ್ಚಿ, ಅಷ್ಟು ದೊಡ್ಡ ಮೈಯನ್ನು ಸಣ್ಣದು ಮಾಡಿಕೊಂಡು ಪಿಸುಗುಟ್ಟಿದ.

“ಬಾಯಾರ, ನನಗ ಯಾರೋ ಮಾಟ ಮಾಡಿಸ್ಯಾರ್ರಿ.”

“ಏನಾಗೇತಿ?”

“ನಾಕ ದಿನ ಆತು, ಹೊರಕಡಿನ ಆಗವಲ್ದು. ಆದ್ರೂ ಕಾಡಿಗಿ ಆದಂಗ ಆಗತೈತಿ. ಸೋಮವಾರ ಬಬಲೇಶ್ವರದಾಗ ಮರೆಪ್ಪನ ಜೋಡಿ ನನ್ನ ಕುಸ್ತಿ ಐತಿ. ಅವನ ಕಡಿಯಾವ್ರ ಮಾಡಿಸ್ಯಾರ.”

ಸುಗರಾಬಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ದಿನಾ ಏನ ನುಂಗತಿ?”

“ಅವ್ವ ಶಕ್ತಿ ಗುಳಿಗಿ ಕೊಡ್ತಾಳ್ರಿ. ಕುಸ್ತಿ ಹತ್ರ ಬಂತಂತ ಈ ವಾರ ಹಾಲಿನ ಜೋಡಿ ನಾಕ.”

ಅವಳಿಗೆ ಮೊದಲು ನಗು ಬಂತು. ಬೆನ್ನಿಗೇ ತನ್ನ ಮೇಲೇ ಹೇಸಿಗೆ ಬಂತು. ನಿನ್ನೆ ಮಾಳವ್ವ ಖರೇ ಹೇಳಿದ್ದಳು. ಆ ಮನೆಯ ಹೊಸ್ತಿಲಿಗೆ ಹೆದರಿ ಗುಳಿಗೆಯನ್ನು ಅತ್ತೆಯ ಉಡಿಗೆ ಹಾಕಿ ಬಂದವಳು ತಾನೇ.

“ಅವು ಬಸರ ಹೆಣ್ಣಮಕ್ಕಳ ಗುಳಿಗಿ, ಧೂಳಪ್ಪ. ನಿನ್ನ ಹೇಣತಿಗೆ ಕೊಟ್ಟಿದ್ದು.”

ಅವನು ತಲೆ ತಗ್ಗಿಸಿದ. ನಾಚಿಕೊಂಡನೆಂದು ಅವಳು ತಿಳಿಯುವಷ್ಟರಲ್ಲಿ ಬಾಯಿಬಿಟ್ಟ: “ಹಂಗಾದ್ರ ರಕ್ತ ಆಗೂದ ಖರೇ ಏನ್ರಿ?”

ಸುಗರಾಬಿ ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದಳು. ಹೊರಗಿದ್ದ ಹೆಂಗಸರಿಗೆಲ್ಲ ಕೇಳುವಂತೆ, “ನಿನಗ ಎಷ್ಟನೇ ತಿಂಗಳಪಾ ಪೈಲ್ವಾನ? ಏಳು ತುಂಬಿದ್ರ ಹೇಳು, ಕುಬಸ ಮಾಡೂಣು. ಹಸರ ಬಳಿ ನಾ ತರ್ತೇನಿ,” ಎಂದಳು.

ಹೆಂಗಸರ ನಗು ಅವನಿಗಿಂತ ಮೊದಲೇ ಗರಡಿ ಮುಟ್ಟಿತು. ಸೋಮವಾರ ಬಬಲೇಶ್ವರದ ಕಣದಲ್ಲಿ ಅವನು ತೊಡೆ ತಟ್ಟಿದಾಗ ಯಾರೋ “ಸಾವಕಾಶ ಪೈಲ್ವಾನ, ಹೊಟ್ಟಿಗೆ ಪೆಟ್ಟ ಬಿದ್ದೀತು!” ಎಂದು ಕೂಗಿದರು. ಮರೆಪ್ಪ ಅವನನ್ನು ಎತ್ತಿ ಹಾಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಸುಗರಾಬಿ ರುಕ್ಮವ್ವನನ್ನೂ ಬಿಡಲಿಲ್ಲ. ಪಡಸಾಲೆಯಲ್ಲಿ ನಿಂತೇ ಕೇಳಿದಳು. ರುಕ್ಮವ್ವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

“ಒಳ್ಳೇದ ಏನ ಬಂದ್ರೂ ಮೊದಲ ಗಂಡಸರ ಗಂಗಾಳಕ್ಕ ಹಾಕತೇವಿ. ಉಳದದ್ದ ನಾವ ಉಣ್ಣತೇವಿ. ಗುಳಿಗಿಗೆ ಬ್ಯಾರೆ ರೂಢಿ ಮಾಡೂದೇನ? ಅಂವ ಏನೂ ಉಳಸಲಿಲ್ಲ, ಈಕಿಗೆ ಸಿಗಲಿಲ್ಲ. ಅದರಾಗ ನಂದೇನ ತಪ್ಪ?”

“ಎತ್ತ ಕುಂಟಿದ್ರ ನಮ್ಮಪ್ಪನ ಮುಂದ ಪಾಳಿ ಹಚ್ಚಿ ನಿಂದರತಿದ್ರಿ. ಎತ್ತಿನ ಕಾಲಿಗೆ ಕಬ್ಬಿಣ ಬೇಕು, ಸೊಸಿ ಹೊಟ್ಟಿಗೆ ಬ್ಯಾಡೇನ್ರಿ?”

“ನಾಲಬಂದನ ಮಗಳು ನನಗ ಮನಿತನ ಕಲಸಾಕ ಬಂದಾಳ! ಎತ್ತ ಹೋದ್ರ ಇನ್ನೊಂದ ಜೋಡಿ ಅಷ್ಟ ಸಲೀಸ ಸಿಗತಾವೇನ?”

ಸೊಸೆ ಸಲೀಸಾಗಿ ಸಿಗುತ್ತಾಳೆಂಬುದು ಆ ಮಾತಿನ ಅರ್ಥ. ಕಂಬದ ಮರೆಯಲ್ಲಿ ನಿಂತಿದ್ದ ಮಾಳವ್ವ ಅದನ್ನು ಕೇಳಿಸಿಕೊಂಡಳು. ಸುಗರಾಬಿ ಪಡಸಾಲೆ ಇಳಿದು ಹೊರಟಳು. ಅಂಥವರ ಮುಂದೆ ಮಾತು ಖರ್ಚು ಮಾಡುವುದು ಅವಳಿಗೆ ದಂಡ ಎನಿಸಿತು.

ಮಾಳವ್ವ ಮುಂಜಾನೆ, ಸಂಜೆ ನೀರಿಗೆ ಬರುವ ಬಾವಿ ದವಾಖಾನೆಯ ಹಿಂದೆಯೇ ಇತ್ತು. ಮರುದಿನದಿಂದ ಸುಗರಾಬಿ ಬಾವಿಯ ಕಟ್ಟೆಯ ಮೇಲೆ ಬಂದು ಕೂತಳು. ಕೊಡ ತುಂಬಿದ ಕೂಡಲೇ ಮಾಳವ್ವನ ಅಂಗೈಯಲ್ಲಿ ಒಂದು ಗುಳಿಗೆ ಇಡುವಳು. “ನೀರು ನಿಮ್ಮದ, ಕೊಡಾ ನಿಮ್ಮದ. ನುಂಗು,” ಎನ್ನುವಳು. ನುಂಗಿದ ಮೇಲೆ ಬಾಯಿ ತೆರೆಸಿ ನೋಡುವಳು. ಕೊಡವನ್ನು ಮನೆಯವರೆಗೆ ಬೇರೆ ಯಾರಾದರೂ ಹೊರುವಂತೆ ಗದರಿಸುವಳು. ಚಹಾದ ಜೋಡಿ ನುಂಗಬಾರದೆಂದು ದಿನಾ ಹೇಳುವಳು. ಮೂರನೆಯ ದಿನ ಮಾಳವ್ವ ಅತ್ತಿತ್ತ ನೋಡಿ, ಹೊಸ ಸೀರೆ ಸಿಕ್ಕವಳಂತೆ ಮುಖ ಅರಳಿಸಿ, “ಬಾಯಾರ, ಕರ್ರಗ ಆತ್ರಿ!” ಎಂದಳು.

ಗುಳಿಗೆ ಮುಗಿದಾಗ ಸುಗರಾಬಿ ಬಸ್ಸು ಹತ್ತಿ ವಿಜಾಪುರಕ್ಕೆ ಹೋದಳು. ಔಷಧಿ ಕೊಡುವ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, “ಮತ್ತ ಬಂದ್ರಿ? ಟಿಕೋಟಾದಾಗ ಅಷ್ಟ ಮಂದಿ ಬಸರಾಗ್ಯಾರೇನ್ರಿ?” ಎಂದ.

“ಹೂಂರಿ. ಒಬ್ಬ ಗಂಡಸೂ ಆಗಿದ್ದ,” ಎಂದಳು ಸುಗರಾಬಿ.

ಕಾರ್ತಿಕದ ಒಂದು ಮಧ್ಯಾಹ್ನ ಮಾಳವ್ವನಿಗೆ ಹೆರಿಗೆಯ ಬ್ಯಾನಿ ಬಂತು. ಅಂದು ಸುಗರಾಬಿಗೆ ಒಳಗೆ ಬರಬೇಡವೆನ್ನಲು ರುಕ್ಮವ್ವನಿಗೂ ಬಾಯಿ ಬರಲಿಲ್ಲ. ಧೂಳಪ್ಪ ಹೆಂಡತಿಯ ಚೀರಾಟ ಕೇಳಲಾರದೆ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಹೊಲಕ್ಕೆ ಹೋದ, ಎತ್ತುಗಳನ್ನು ಮನೆಯಲ್ಲೇ ಬಿಟ್ಟು. ಹೊತ್ತು ಇಳಿಯುವಾಗ ಹೆಣ್ಣು ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಿತು. ಆಮೇಲೆ ರಕ್ತ ಹೋಗತೊಡಗಿತು. ಸುಗರಾಬಿ ಹೊಟ್ಟೆಯನ್ನು ಒತ್ತಿ ತಿಕ್ಕುತ್ತ, ಕಣ್ಣನ್ನು ಮಾಳವ್ವನ ಮುಖದಿಂದ ತೆಗೆಯದೆ ಕೂತಳು. ಕಳೆದ ಸಲ ಇದೇ ಗಳಿಗೆಯಲ್ಲಿ ಆ ಮುಖ ಆರಿಹೋಗಿತ್ತು. ಈ ಸಲ ತುಟಿ ಒಣಗಿತು, ಬೆವರು ಇಳಿಯಿತು, ಆದರೆ ಕಣ್ಣು ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ರಕ್ತ ಹಿಡಿತಕ್ಕೆ ಬಂತು. ಸುಗರಾಬಿ ಕೈ ತೊಳೆದು ಅವಳ ಕೆಳರೆಪ್ಪೆ ಜಗ್ಗಿದಳು. ಒಳಗೆ ತೆಳ್ಳಗೆ ಕೆಂಪಿತ್ತು.

“ನಮ್ಮ ಮನಿ ದೇವರು ಕಾಯ್ದ,” ಎಂದಳು ರುಕ್ಮವ್ವ. ಕೂಸು ಹೆಣ್ಣೆಂದು ನೋಡಿ ಮುಖ ಸಣ್ಣದು ಮಾಡಿಕೊಂಡಳು. ಸುಗರಾಬಿ, ಬಾಣಂತಿ ಇನ್ನೂ ಮೂರು ತಿಂಗಳು ಗುಳಿಗೆ ನುಂಗಬೇಕೆಂದು ಪೊಟ್ಟಣ ತೆಗೆದಾಗ ರುಕ್ಮವ್ವ ಕೈ ಚಾಚಿದಳು. “ಹಡದ ಮುಗೀತಲ್ಲ, ಇನ್ಯಾಕ ಈಕಿಗೆ? ಇತ್ತ ಕೊಡ್ರಿ. ಆ ಕುಸ್ತಿ ಬಿದ್ದಾಗಿಂದ ಧೂಳಪ್ಪ ಸೊರಗ್ಯಾನ.”

ಸುಗರಾಬಿ ಬಾಯಿ ತೆರೆಯುವ ಮೊದಲೇ ಹೊರಸಿನ ಮೇಲಿಂದ ದನಿ ಬಂತು.

“ಅತ್ತಿ, ಅವು ನನ್ನವು.”

ಮಾಳವ್ವ ಪೊಟ್ಟಣವನ್ನು ಇಸಗೊಂಡು ಒಂದು ಗುಳಿಗೆ ತೆಗೆದಳು. ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಬಿಗಿದಳು.

“ನೀರ ಕೊಡ್ರಿ ಬಾಯಾರ.”

ಸುಗರಾಬಿ ಒಮ್ಮೆ ರುಕ್ಮವ್ವನನ್ನು ನೋಡಿದಳು. ಆಮೇಲೆ ಆ ಮನೆಯ ತಂಬಿಗೆಯನ್ನು ತನ್ನ ಕೈಯಿಂದಲೇ ತುಂಬಿ ಕೊಟ್ಟಳು. ಮಾಳವ್ವ ಅತ್ತೆಯ ಎದುರಿಗೇ ಗುಳಿಗೆ ನುಂಗಿ, ತಂಬಿಗೆಯ ನೀರನ್ನೆಲ್ಲ ಕುಡಿದು, ಸುಗರಾಬಿ ಹೇಳದಿದ್ದರೂ ಬಾಯಿ ತೆರೆದು ತೋರಿಸಿದಳು.